ವೆನ್ಲಾಕ್ ಅನ್ನೋದು ಯಾರ ಸರ್‌ನೇಮ್?

ಪಡುಬಿದ್ರಿ ಅಕ್ಕ

ಎಲ್ಲರಿಗೂ ನಮಸ್ಕಾರ. ಸುಮ್ನೆ ಒಂದು ಕುತೂಹಲದ ಪ್ರಶ್ನೆ. ಇತಿಹಾಸ ಓದಿದವರು ಯಾರಾದರೂ ಹೇಳಿ.

ನನ್ನ ತಂಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್. ಮೊನ್ನೆ ರಜೆಯಲ್ಲಿ ಗಂಡ, ಮಕ್ಕಳ ಜೊತೆ ಕಾರಿನಲ್ಲಿ ಎಲ್ಲಿಗೋ ಹೊರಟವಳು ದಾರಿಬದಿಯ ಬೋರ್ಡಿನ ಫೋಟೊ ಕಳಿಸಿದಳು. ಅದರಲ್ಲಿ 'ಮಚ್ ವೆನ್ಲಾಕ್' ಅಂತ ಇತ್ತು. ಕೆಳಗೆ ಅವಳದ್ದೇ ಒಂದು ಸಾಲು: "ಅಕ್ಕಾ, ಹಂಪನಕಟ್ಟೆಯ ಆಸ್ಪತ್ರೆ ಇಲ್ಲಿಗೆ ಯಾವಾಗ ಬಂತು ಮಾರಾಯ್ತಿ?"

ನಮ್ಮಮ್ಮ ಮಂಗಳೂರಿನ ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ನಾವಿಬ್ಬರೂ ಹುಟ್ಟಿದ್ದು ಅಲ್ಲಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ. ಅಮ್ಮನ ಡ್ಯೂಟಿ, ಅಮ್ಮನ ಸಂಬಳ, ಅಮ್ಮನ ಬೈಗುಳ ಎಲ್ಲದರಲ್ಲೂ 'ವೆನ್ಲಾಕ್' ಇರುತ್ತಿತ್ತು. ಆದರೆ ಅದು ಯಾರ ಹೆಸರು ಅಂತ ನಾವು ಒಂದು ದಿನವೂ ಕೇಳಿದವರಲ್ಲ. ಈಗ ಕೇಳಿದರೆ ಅಮ್ಮ "ಯಾರೋ ಒಬ್ಬ ದೊರೆ" ಅನ್ನುತ್ತಾರೆ. ನನ್ನ ಗಂಡನ ಪ್ರಕಾರ ಅವನೊಬ್ಬ ದೊಡ್ಡ ಡಾಕ್ಟರು. ಇಬ್ಬರ ಹತ್ತಿರವೂ ಸಾಕ್ಷಿ ಇಲ್ಲ.

ವೆನ್ಲಾಕ್ ಅನ್ನೋದು ಇಂಗ್ಲಿಷರ ಸರ್‌ನೇಮಾ? ಹಾಗಾದರೆ ಅದೇ ಹೆಸರಿನ ಊರು ಹೇಗೆ? ಮನುಷ್ಯನಿಂದ ಊರಿಗೆ ಹೆಸರು ಬಂದದ್ದೋ, ಊರಿನಿಂದ ಮನುಷ್ಯನಿಗೋ? ಇನ್ನೊಂದು. ನಮ್ಮದು ಬಂಗೇರ ಬರಿ, ಅಂದರೆ ಕುಲದ ಹೆಸರು, ಅಮ್ಮನ ಕಡೆಯಿಂದ ಬಂದದ್ದು. ಇಂಗ್ಲಿಷರಲ್ಲಿ ಅಪ್ಪನ ಹೆಸರು ಬಿಟ್ಟು ಬೇರೆ ಕಡೆಯಿಂದ ಸರ್‌ನೇಮ್ ಬರುವ ಕ್ರಮ ಇತ್ತಾ, ಇಲ್ವಾ?

ಬೈಕಂಪಾಡಿ ಬಾಯ್

ಇದರಲ್ಲಿ ಕೇಳುವಂಥದ್ದು ಎಂತ ಉಂಟು ಅಕ್ಕ? ಸ್ಮಿತ್, ಬ್ರೌನ್, ಡಿಸೋಜ ಇದ್ದ ಹಾಗೆ ವೆನ್ಲಾಕ್. ಆಸ್ಪತ್ರೆಗೆ ಹೆಸರು ಇಟ್ಟಿದ್ದಾರೆ ಅಂದ ಮೇಲೆ ಡಾಕ್ಟರೇ ಇರಬೇಕು. ನಿಮ್ಮ ಯಜಮಾನರು ಹೇಳಿದ್ದು ಸರಿ. ಟಾಪಿಕ್ ಕ್ಲೋಸ್.

ಬಿನ್ ಕೋಂ ಯಾನೆ

ಬೈಕಂಪಾಡಿಯವರೇ, ಇಷ್ಟು ಬೇಗ ಕ್ಲೋಸ್ ಮಾಡಬೇಡಿ. ಡಿಸೋಜ ಇಂಗ್ಲಿಷ್ ಹೆಸರು ಅಂದದ್ದಕ್ಕೆ ಫಳ್ನೀರಿನಿಂದ ಯಾರಾದರೂ ಬಂದು ನಿಮ್ಮನ್ನು ವಿಚಾರಿಸಿಕೊಳ್ಳುತ್ತಾರೆ. ನಾನು ವೆನ್ಲಾಕ್ ವಿಷಯಕ್ಕೆ ಬರುತ್ತೇನೆ.

ಅಕ್ಕಾ, ವೆನ್ಲಾಕ್ ಮೊದಲಿಗೆ ಊರು. ಆಮೇಲೆ ಕೆಲವು ಮನೆಗಳ ಸರ್‌ನೇಮ್. ಆದರೆ ನಮ್ಮ ಆಸ್ಪತ್ರೆಯ ವೆನ್ಲಾಕ್ ಇದ್ದಾನಲ್ಲ, ಅವನಿಗೆ ಅದು ಸರ್‌ನೇಮ್ ಅಲ್ಲ, ಪದವಿ. ಅವನ ಸರ್‌ನೇಮ್ ಲಾಲಿ. ತೊಟ್ಟಿಲು ತೂಗುವ ಲಾಲಿ ಅಲ್ಲ. ಪೂರ್ತಿ ಹೆಸರು ಬೀಲ್ಬಿ ಲಾಲಿ, ಮೂರನೆಯ ಬ್ಯಾರನ್ ವೆನ್ಲಾಕ್. ಬ್ಯಾರನ್ ಅಂದರೆ ರಾಜ ಕೊಡುವ ಲಾರ್ಡ್ ಪದವಿ. ಡಾಕ್ಟರೂ ಅಲ್ಲ, ಮಿಷನರಿಯೂ ಅಲ್ಲ. 1891ರಿಂದ 1896ರವರೆಗೆ ಮದರಾಸಿನ ಗವರ್ನರ್. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, 1956ರವರೆಗೂ ಹಾಗೇ ಇತ್ತು. ಆಸ್ಪತ್ರೆ ಶುರುವಾದದ್ದು 1848ರಲ್ಲಿ, ಅಂದರೆ ಈ ಮನುಷ್ಯ ಹುಟ್ಟುವ ಒಂದು ವರ್ಷ ಮೊದಲು. ಆಸ್ಪತ್ರೆ ಹಳೆಯದು, ಹೆಸರು ಆಮೇಲಿನದು. ಊಟಿಗೆ ಹೋದವರು ನೋಡಿರುವ ಹುಲ್ಲುಗಾವಲು, ವೆನ್ಲಾಕ್ ಡೌನ್ಸ್, ಅದೂ ಇದೇ ಗವರ್ನರನ ಹೆಸರಿನದ್ದು. ನಿಮ್ಮ ಅಮ್ಮ 'ದೊರೆ' ಅಂದದ್ದೇ ಸರಿ.

ನಾನು ಉಡುಪಿಯಲ್ಲಿ ದಸ್ತಾವೇಜು ಬರೆಯುವವನು. ಕ್ರಯಪತ್ರ, ಪಾಲುಪಟ್ಟಿ, ವೀಲುನಾಮೆ, ಎಲ್ಲದರಲ್ಲೂ ಮೊದಲ ತಲೆನೋವು ಹೆಸರೇ. ಒಬ್ಬನೇ ಮನುಷ್ಯ ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಅಜ್ಜನ ಕಾಲದ ಮೂಲಗೇಣಿ ಪತ್ರದಲ್ಲಿ ಮತ್ತೊಂದು. ನಡುವೆ 'ಯಾನೆ' ಹಾಕಿ ಮೂವರನ್ನೂ ಒಬ್ಬನನ್ನಾಗಿ ಮಾಡುವುದು ನಮ್ಮ ಕೆಲಸ. ಹೀಗೆ ಕೆಲಸ ಮಾಡುತ್ತಾ ಇಂಗ್ಲಿಷರ ಹೆಸರುಗಳ ಬಗ್ಗೆ ಓದುವ ಚಟ ಹತ್ತಿತು. ಆದ್ದರಿಂದ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆಲ್ಲುವವರೆಗೆ ಅಲ್ಲಿ ಒಬ್ಬನಿಗೆ ಒಂದೇ ಹೆಸರು. ಗುರುತಿಗೆ ಬೇಕಾದರೆ ಒಂದು ಅಡ್ಡಹೆಸರು. ಅವನು ಸತ್ತ ಮೇಲೆ ಅದೂ ಮುಗಿಯಿತು. ಮಗನಿಗೆ ಮಗನದ್ದೇ ಅಡ್ಡಹೆಸರು. ನಾರ್ಮನ್ ಜಮೀನ್ದಾರರು ತಮ್ಮ ಊರಿನ, ಕೋಟೆಯ ಹೆಸರನ್ನು ಮನೆತನಕ್ಕೆ ಅಂಟಿಸಿಕೊಂಡರು. ಯಾಕೆ ಅಂದರೆ ಜಾಗ ಮಗನಿಗೆ ಹೋಗಬೇಕಲ್ಲ, ಇವನೇ ಆ ಮನೆಯವನು ಅಂತ ತೋರಿಸಲು ಹೆಸರೂ ಅದೇ ಇದ್ದರೆ ಅನುಕೂಲ. ಈ ಪದ್ಧತಿ ದೊಡ್ಡವರಿಂದ ಸಣ್ಣವರಿಗೆ ನಿಧಾನಕ್ಕೆ ಇಳಿಯಿತು. ದಕ್ಷಿಣ ಇಂಗ್ಲೆಂಡಿನಲ್ಲಿ ಬೇಗ, ಉತ್ತರದಲ್ಲಿ ತಡವಾಗಿ. ಸುಮಾರು 1400ರ ಹೊತ್ತಿಗೆ ಹೆಚ್ಚಿನ ಮನೆಗಳಿಗೆ ತಲೆಮಾರಿನಿಂದ ತಲೆಮಾರಿಗೆ ಸಾಗುವ ಹೆಸರು ಬಂದಿತ್ತು.

ನಡುವೆ 1377, 1379, 1381ರಲ್ಲಿ ತಲೆಗಂದಾಯ ಹಾಕಿದರು. ಕಂದಾಯದ ಪಟ್ಟಿ ಬರೆಯುವವನ ಪಾಡು ಯೋಚಿಸಿ. ಹಳ್ಳಿ ತುಂಬಾ ಜಾನ್, ವಿಲಿಯಂ, ಥಾಮಸ್. ಯಾವ ಜಾನ್ ಕೊಟ್ಟ, ಯಾವ ಜಾನ್ ಕೊಡಲಿಲ್ಲ? ಒಬ್ಬ ಕಮ್ಮಾರ ಜಾನ್, ಒಬ್ಬ ಥಾಮಸನ ಮಗ ಜಾನ್, ಒಬ್ಬ ವೆನ್ಲಾಕಿನಿಂದ ಬಂದ ಜಾನ್ ಅಂತ ಬರೆದುಕೊಂಡ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಇನ್ನೊಂದು ಆಜ್ಞೆ ಹೊರಡಿಸಿದ. ಪ್ರತಿ ಚರ್ಚಿನಲ್ಲೂ ಮಕ್ಕಳ ದೀಕ್ಷಾಸ್ನಾನ, ಮದುವೆ, ಸಾವು ಪುಸ್ತಕದಲ್ಲಿ ದಾಖಲಾಗಬೇಕು ಅಂತ. ಅಲ್ಲಿಂದ ಮುಂದೆ ಹೆಸರು ಅಲ್ಲಾಡುವುದು ಕಡಿಮೆಯಾಯಿತು. ನನ್ನನ್ನು ಕೇಳಿದರೆ ಸರ್‌ನೇಮನ್ನು ಗಟ್ಟಿ ಮಾಡಿದ್ದು ನಮ್ಮ ಕಸುಬಿನವರೇ. ಇಂಥವನ ಮಗ ಅನ್ನಲು ಅವರು ಲ್ಯಾಟಿನ್‌ನಲ್ಲಿ 'ಫಿಲಿಯಸ್' ಅಂತ ಬರೆಯುತ್ತಿದ್ದರು, ನಾವು 'ಬಿನ್' ಅಂತ ಬರೆಯುತ್ತೇವೆ. ಕ್ಲಾರ್ಕ್ ಅನ್ನೋ ಸರ್‌ನೇಮ್ ಇದೆಯಲ್ಲ, ಅದು ಓದುಬರಹ ಬಲ್ಲವನದ್ದು, ನಮ್ಮ ಶಾನುಭಾಗರ ಹಾಗೆ.

ಈಗ ಊರಿನ ಹೆಸರಿನವರ ಕಥೆ. ಒಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಊರಿನ ಹೆಸರು ಸರ್‌ನೇಮ್ ಆಗುವುದು ಊರು ಬಿಟ್ಟ ಮೇಲೆ. ವೆನ್ಲಾಕಿನಲ್ಲೇ ಕೂತವನನ್ನು 'ವೆನ್ಲಾಕಿನವನು' ಅಂತ ಕರೆದರೆ ಏನು ಗುರುತು ಸಿಕ್ಕಿತು? ಅಲ್ಲಿ ಎಲ್ಲರೂ ವೆನ್ಲಾಕಿನವರೇ. ಬೈಂದೂರಿನವರು ಬೆಂಗಳೂರಿನಲ್ಲಿ ಹೋಟೆಲ್ ಇಟ್ಟರೆ ಅಲ್ಲಿ 'ಬೈಂದೂರಿನವರು' ಆಗುತ್ತಾರೆ, ಬೈಂದೂರಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಜಾನ್ ವೆನ್ಲಾಕ್. ಇವನಿಗೆ ಅದು ನಿಜವಾದ ಸರ್‌ನೇಮ್. ವಾಸ ಇದ್ದದ್ದು ಮಾತ್ರ ಬೆಡ್‌ಫರ್ಡ್‌ಶೈರಿನ ಲೂಟನ್ ಹತ್ತಿರ, ವೆನ್ಲಾಕಿನಿಂದ ಬಹಳ ದೂರ. 1455ರಲ್ಲಿ ಪಾರ್ಲಿಮೆಂಟಿನ ಸ್ಪೀಕರ್ ಆಗಿದ್ದ. 1461ರಲ್ಲಿ ಬ್ಯಾರನ್ ವೆನ್ಲಾಕ್ ಆದ. ಆ ಕಾಲದ ಅಂತರ್ಯುದ್ಧದಲ್ಲಿ ಒಮ್ಮೆ ಈ ಪಕ್ಷ, ಒಮ್ಮೆ ಆ ಪಕ್ಷ. ಇವತ್ತಿನ ಕೆಲವರ ನೆನಪಾದರೆ ನಾನು ಜವಾಬ್ದಾರನಲ್ಲ. 1471ರಲ್ಲಿ ಟ್ಯೂಕ್ಸ್‌ಬರಿ ಯುದ್ಧದಲ್ಲಿ ಸತ್ತ. ಮಕ್ಕಳಿರಲಿಲ್ಲ. ಪದವಿ ಅಲ್ಲಿಗೇ ನಿಂತಿತು.

ಲಾಲಿ ಮನೆತನದ ಹೆಸರೂ ಊರಿನದ್ದೇ. ವೆನ್ಲಾಕ್ ಇರುವ ಶ್ರಾಪ್‌ಶೈರಿನಲ್ಲೇ ಲಾಲಿ ಅನ್ನುವ ಊರಿದೆ. ಇಂಗ್ಲಿಷ್ ಹೆಸರಿನ ಕೊನೆಯಲ್ಲಿ 'ಲಿ' ಕೇಳಿಸಿದರೆ ಹೆಚ್ಚಾಗಿ ಅದು ಕಾಡು ಕಡಿದು ಮಾಡಿದ ಬಯಲು ಅಂತ ತಿಳಿಯಿರಿ. 1540ರ ದಶಕದಲ್ಲಿ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿ ಜಾಗ ಮಾರಿದಾಗ ವೆನ್ಲಾಕಿನ ದೊಡ್ಡ ಮಠದ ಜಾಗ ಥಾಮಸ್ ಲಾಲಿ ಎಂಬವನ ಕೈಗೆ ಬಂತು. ಲಾಲಿಯವರಿಗೂ ವೆನ್ಲಾಕಿಗೂ ನಂಟು ಗಟ್ಟಿಯಾದದ್ದು ಹಾಗೆ. ಮುಂದೆ 1831ರಲ್ಲಿ ಆ ಮನೆಯ ರಾಬರ್ಟ್ ಲಾಲಿಗೆ ಬ್ಯಾರನ್ ಪದವಿ ಸಿಕ್ಕಿದಾಗ ಇಟ್ಟುಕೊಂಡ ಹೆಸರು ವೆನ್ಲಾಕ್. ಮೂರೇ ವರ್ಷದಲ್ಲಿ ಅವನೂ ಸತ್ತ, ಪದವಿಯೂ ಮತ್ತೆ ನಿಂತಿತು.

ಅಕ್ಕಾ, ನಿಮ್ಮ ಬರಿಯ ಪ್ರಶ್ನೆಗೆ ಉತ್ತರ ಇಲ್ಲಿ ಬರುತ್ತದೆ, ನೋಡಿ. ಆ ರಾಬರ್ಟನ ತಮ್ಮ ಪಾಲ್ ಬೀಲ್ಬಿ ಲಾಲಿ. ಇವರ ತಾಯಿ ಜೇನ್, ಯಾರ್ಕ್ ಪಟ್ಟಣದ ಹತ್ತಿರ ಎಸ್ಕ್ರಿಕ್ ಅನ್ನುವಲ್ಲಿನ ಥಾಮ್ಸನ್ ಮನೆಯ ಮಗಳು. ಎಸ್ಕ್ರಿಕ್‌ನಲ್ಲಿ ದೊಡ್ಡ ಬಂಗಲೆ, ಸುತ್ತ ಬೇಕಾದಷ್ಟು ಜಮೀನು. 1820ರಲ್ಲಿ ತಾಯಿಯ ಕಡೆಯ ಆ ಆಸ್ತಿ ಸೋದರಮಾವನಿಂದ ಪಾಲ್‌ಗೆ ಬಂತು. ಬಂದ ಕೂಡಲೇ ಅವನು ಏನು ಮಾಡಿದ? ರಾಜನ ಪರವಾನಗಿ ತೆಗೆದುಕೊಂಡು ಅಪ್ಪನ ಸರ್‌ನೇಮ್ ಲಾಲಿಯನ್ನು ಬಿಟ್ಟು ಸೋದರಮಾವನ ಸರ್‌ನೇಮ್ ಥಾಮ್ಸನ್ ಹಾಕಿಕೊಂಡ!

ಇದನ್ನು ಮೊದಲು ಓದಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಮಾವನ ಆಸ್ತಿ ಅಳಿಯನಿಗೆ, ಜೊತೆಗೆ ಹೆಸರೂ. ಅಳಿಯಸಂತಾನ ತಂದನೆನ್ನುವ ಭೂತಾಳ ಪಾಂಡ್ಯನ ಕಟ್ಟಳೆ ಯಾರ್ಕ್‌ಶೈರಿಗೆ ಹೋಗಿ ಕೂತ ಹಾಗೆ ಕಾಣಿಸಿತು. ಆದರೆ ವ್ಯತ್ಯಾಸ ಉಂಟು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಅಳಿಯಸಂತಾನದಲ್ಲಿ ಅದು ಪದ್ಧತಿ. ಗಂಡುಮಕ್ಕಳಿದ್ದರೂ ಆಸ್ತಿ ಅಕ್ಕತಂಗಿಯರ ಮಕ್ಕಳ ಕಡೆಗೇ ಹೋಗುತ್ತಿತ್ತು, ಬರಿ ಯಾವಾಗಲೂ ತಾಯಿಯದ್ದೇ. ಅಲ್ಲಿ ಗಂಡು ಸಂತಾನ ಇಲ್ಲದ ಮನೆಯವರು ಹೆಸರು ಉಳಿಯಲಿ ಅಂತ ಮಾಡಿಕೊಂಡ ಏರ್ಪಾಡು. ಆಸ್ತಿ ಬೇಕಾದರೆ ನಮ್ಮ ಹೆಸರು ಹಾಕಿಕೋ ಅಂತ ಉಯಿಲಿನಲ್ಲೇ ಬರೆಯುವುದು ಆ ಕಾಲದ ಇಂಗ್ಲಿಷ್ ಜಮೀನ್ದಾರರಲ್ಲಿ ಮಾಮೂಲು. ಅಲ್ಲಿನ ಎರಡು ಮೂರು ಸರ್‌ನೇಮ್ ಜೋಡಿಸಿದ ಉದ್ದ ಹೆಸರುಗಳು ಹೆಚ್ಚಾಗಿ ಹೀಗೆ ಹುಟ್ಟಿದವು. ಎರಡು ಕಡೆಯ ಆಸ್ತಿ ಬಂದರೆ ಎರಡು ಕಡೆಯ ಹೆಸರು.

ಪಾಲ್ ಕೂಡ ಕೊನೆಗೆ ಅಲ್ಲಿಗೇ ಬಂದ. 1839ರಲ್ಲಿ ಅವನಿಗೆ ಹೊಸದಾಗಿ ಬ್ಯಾರನ್ ವೆನ್ಲಾಕ್ ಪದವಿ ಸಿಕ್ಕಿತು. ಅದೇ ವರ್ಷ ಇನ್ನೊಂದು ಪರವಾನಗಿ ತೆಗೆದು ಲಾಲಿ-ಥಾಮ್ಸನ್ ಆದ. ಅವನ ಮೊಮ್ಮಗನೇ ನಮ್ಮ ಗವರ್ನರ್. ಆ ಹೊತ್ತಿಗೆ ಥಾಮ್ಸನ್ ಉದುರಿ ಬರೀ ಲಾಲಿ ಉಳಿದಿತ್ತು. ನನ್ನ ಮೇಜಿನ ಮೇಲೆ ಈ ಮನೆಯ ಪಾಲುಪಟ್ಟಿ ಬಂದಿದ್ದರೆ 'ಲಾಲಿ ಯಾನೆ ಥಾಮ್ಸನ್ ಯಾನೆ ವೆನ್ಲಾಕ್' ಅಂತ ಬರೆಯಬೇಕಿತ್ತು. ಗವರ್ನರನ ಮೊದಲ ಹೆಸರು ಬೀಲ್ಬಿ, ಅದೂ ಈ ತಾಯಿ ಕಡೆಯವರದ್ದೇ. ಯಾರ್ಕ್‌ಶೈರಿನ ಒಂದು ಹಳ್ಳಿಯ ಹೆಸರು ಸರ್‌ನೇಮ್ ಆಗಿ, ಆಮೇಲೆ ಮಕ್ಕಳಿಗೆ ಇಡುವ ಹೆಸರಾಯಿತು. ಕೊನೆಯ 'ಬಿ' ವೈಕಿಂಗರು ಬಿಟ್ಟುಹೋದದ್ದು, ಅವರ ಭಾಷೆಯಲ್ಲಿ ಹಳ್ಳಿ.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಸರ್‌ನೇಮ್ ಲಾಲಿ ಆದರೆ ಆಸ್ಪತ್ರೆಗೆ ಲಾಲಿ ಆಸ್ಪತ್ರೆ ಅಂತ ಯಾಕೆ ಇಡಲಿಲ್ಲ? ಬ್ರಿಟಿಷರಲ್ಲಿ ಲಾರ್ಡ್ ಆದವನು ಸಹಿ ಹಾಕುವುದೂ ಪದವಿಯ ಹೆಸರಿನಲ್ಲಿ, ಒಂದೇ ಪದ, 'ವೆನ್ಲಾಕ್'. ಸರ್ಕಾರಿ ಕಾಗದದಲ್ಲಿ ಲಾಲಿ ಕಾಣಿಸುವುದೇ ಇಲ್ಲ. ಮಜಾ ಏನೆಂದರೆ ಇವನ ತಮ್ಮ ಆರ್ಥರ್ ಕೂಡ 1906ರಿಂದ 1911ರವರೆಗೆ ಮದರಾಸಿನ ಗವರ್ನರ್ ಆಗಿದ್ದ. ಪದವಿ ಆಗ ಅಣ್ಣನ ಹತ್ತಿರ ಇತ್ತು. ಹಾಗಾಗಿ ತಮ್ಮ ಬರೀ ಸರ್ ಆರ್ಥರ್ ಲಾಲಿ. ಕೊಯಮತ್ತೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇರುವ ಲಾಲಿ ರೋಡ್ ಈ ತಮ್ಮನದ್ದು. ಒಂದೇ ತಾಯಿಯ ಮಕ್ಕಳು, ಒಂದೇ ಕುರ್ಚಿ. ಮಂಗಳೂರಿನಲ್ಲಿ ವೆನ್ಲಾಕ್, ಕೊಯಮತ್ತೂರಿನಲ್ಲಿ ಲಾಲಿ.

ಅಣ್ಣನಿಗೆ ಒಬ್ಬಳೇ ಮಗಳು. ಪದವಿ ಹೆಣ್ಣಿಗೆ ಹೋಗುವಂತಿರಲಿಲ್ಲ, ತಮ್ಮಂದಿರಿಗೆ ಹೋಯಿತು. ಒಬ್ಬರಾದ ಮೇಲೆ ಒಬ್ಬರು ಮೂವರು ತಮ್ಮಂದಿರು ಲಾರ್ಡ್ ವೆನ್ಲಾಕ್ ಆದರು. ಕೊನೆಯವನು ಆರ್ಥರ್, 1932ರಲ್ಲಿ ಸತ್ತ. ಅಲ್ಲಿಗೆ ಪದವಿ ಮುಗಿಯಿತು. ಎಸ್ಕ್ರಿಕ್‌ನ ಜಾಗ ಮಾತ್ರ ಆ ಮಗಳಿಗೇ ಬಂತು. ಬಂಗಲೆ ಆಮೇಲೆ ಶಾಲೆಯಾಯಿತು.

ಫಳ್ನೀರ್ ಬಾಯಿ

ವಿಚಾರಿಸಿಕೊಳ್ಳಲು ಬಂದಿದ್ದೇನೆ.

ಬೈಕಂಪಾಡಿ ತಮ್ಮಾ, ಡಿಸೋಜ ಇಂಗ್ಲಿಷ್ ಅಲ್ಲ, ಪೋರ್ಚುಗೀಸ್. ನಮ್ಮ ಹಿರಿಯರು ಗೋವಾದಲ್ಲಿ ಕ್ರೈಸ್ತರಾದಾಗ ದೀಕ್ಷಾಸ್ನಾನ ಕೊಟ್ಟ ಪಾದ್ರಿಯ ಸರ್‌ನೇಮೋ, ಜ್ಞಾನಪಿತನಾಗಿ ನಿಂತವನದ್ದೋ ಸಿಕ್ಕಿತು. ಹಾಗಾಗಿ ಇಲ್ಲಿ ಇಬ್ಬರು ಡಿಸೋಜಗಳು ಸಂಬಂಧಿಕರೇ ಆಗಿರಬೇಕು ಅಂತಿಲ್ಲ. ಹಳೆಯ ಮನೆಗಳಲ್ಲಿ ಅದಕ್ಕೂ ಮೊದಲಿನ ಹೆಸರು ಇನ್ನೂ ನೆನಪಿದೆ, ಪ್ರಭು, ಕಾಮತ್, ಪೈ, ಶೆಣೈ ಅಂತ. ಮದುವೆ ಮಾತುಕತೆಯಲ್ಲಿ ಅಜ್ಜಿಯಂದಿರು "ಅವರು ಯಾವ ಪೈಕಿ?" ಅಂತ ಕೇಳುವುದು ಇದನ್ನೇ.

ಆದರೆ ದಸ್ತಾವೇಜಿನವರು ಹೇಳಿದ ಊರು ಬಿಟ್ಟವರ ಕಥೆ ಇಲ್ಲಿಗೂ ಸರಿಯಾಗಿ ಹೊಂದುತ್ತದೆ. ಸೋಜಾ ಅಥವಾ ಸೌಸಾ ಅನ್ನುವುದು ಉತ್ತರ ಪೋರ್ಚುಗಲ್‌ನ ಒಂದು ನದಿ. ಆ ಕಡೆಯ ದೊಡ್ಡ ಮನೆತನವೊಂದಕ್ಕೆ ಅಲ್ಲಿಂದ ಹೆಸರು ಬಂತು. ಡಿಸಿಲ್ವದ ಸಿಲ್ವ ಅಂದರೆ ಕಾಡು. ಇಂಗ್ಲಿಷರಲ್ಲೂ ಮೊದಲು 'ಡಿ ವೆನ್ಲಾಕ್' ಅಂತಲೇ ಬರೆಯುತ್ತಿದ್ದರು, ಆಮೇಲೆ 'ಡಿ' ಬಿದ್ದುಹೋಯಿತು. ನಮ್ಮಲ್ಲಿ ಅದು ಗಟ್ಟಿಯಾಗಿ ಅಂಟಿ ಕೂತಿದೆ. ನದಿ ಎಲ್ಲಿ, ಬೆಂದೂರು ಎಲ್ಲಿ! ನನ್ನ ಪೈಕಿ ಯಾರೂ ಪೋರ್ಚುಗಲ್ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

ಲೋಬೊ ಅಂದರೆ ತೋಳ, ಕುವೆಲ್ಲೊ ಅಂದರೆ ಮೊಲ. ನಮ್ಮ ವಾರ್ಡಿನಲ್ಲಿ ಎರಡೂ ಮನೆಯವರು ಅಕ್ಕಪಕ್ಕ ಇದ್ದಾರೆ, ಇಷ್ಟರವರೆಗೆ ಏನೂ ಆಗಿಲ್ಲ.

ಬೈಕಂಪಾಡಿ ಬಾಯ್

ಸರಿ ಬಾಯಿ, ಟಾಪಿಕ್ ಓಪನ್ ಇರಲಿ 🙏

ನಮ್ಮ ಕಂಪನಿಯಲ್ಲಿ ಪ್ರೈಸ್, ಪೊವೆಲ್ ಅಂತ ಇಬ್ಬರು ಗೋರಾಗಳಿದ್ದಾರೆ. ವಿಡಿಯೊ ಕಾಲಿನಲ್ಲಿ ಮಾತ್ರ ಪರಿಚಯ. ಇಬ್ಬರೂ ಆ ಶ್ರಾಪ್‌ಶೈರ್ ಕಡೆಯವರೇ. ಪ್ರೈಸ್ ಅಂದರೆ ರೇಟ್ ಅಂತಲಾ?

ಮಳೆಯೂರಿನ ಕನ್ನಡಿಗ

ನಾನು ಶ್ರಾಪ್‌ಶೈರ್ ಪಕ್ಕದಲ್ಲೇ ಕೆಲಸ ಮಾಡುತ್ತೇನೆ, ಮೂಲ ಮಣಿಪಾಲ. ಇದಕ್ಕೆ ಉತ್ತರ ನಾನು ಕೊಡಬಹುದು.

ಪ್ರೈಸ್‌ಗೂ ರೇಟಿಗೂ ಸಂಬಂಧ ಇಲ್ಲ. ಶ್ರಾಪ್‌ಶೈರ್ ಇರುವುದು ವೇಲ್ಸ್ ಗಡಿಯಲ್ಲಿ. ವೆಲ್ಷ್ ಜನ ಸರ್‌ನೇಮ್ ಒಪ್ಪಿಕೊಂಡದ್ದು ಇಂಗ್ಲಿಷರಿಗಿಂತ ಬಹಳ ತಡವಾಗಿ. ಅವರಲ್ಲಿ 'ಆಪ್' ಅಂದರೆ ಇಂಥವನ ಮಗ. ರೀಸ್ ಎಂಬವನ ಮಗ 'ಆಪ್ ರೀಸ್'. ಜೋರಾಗಿ ಹೇಳುತ್ತಾ ಹೇಳುತ್ತಾ ಪ್ರೈಸ್. ಆಪ್ ಹೊವೆಲ್ ಪೊವೆಲ್ ಆಯಿತು. ಆಪ್ ಹ್ಯೂ ಪ್ಯೂ ಆಯಿತು. ಹದಿನಾರನೇ ಶತಮಾನದಲ್ಲಿ ವೇಲ್ಸ್ ಇಂಗ್ಲೆಂಡಿನ ಕಾನೂನಿಗೆ ಸೇರಿದ ಮೇಲೆ ಕೋರ್ಟು, ಕಂದಾಯದ ಕಾಗದಕ್ಕೆ ಒಂದು ನಿಂತ ಹೆಸರು ಬೇಕಾಯಿತು. ಅಲ್ಲಿಯವರೆಗೆ ಅಪ್ಪ, ಅಜ್ಜ, ಮುತ್ತಜ್ಜ ಅಂತ ಸಾಲಾಗಿ ಹೇಳುತ್ತಿದ್ದರು. ಅಪ್ಪನ ಹೆಸರೇ ಸರ್‌ನೇಮ್ ಆದದ್ದರಿಂದ ವೇಲ್ಸ್ ತುಂಬ ಜೋನ್ಸ್, ಡೇವಿಸ್, ವಿಲಿಯಮ್ಸ್. ನಮ್ಮ ಆಫೀಸಿನಲ್ಲಿ ಜೋನ್ಸ್ ಅಂತ ಕೂಗಿದರೆ ಒಂದಕ್ಕಿಂತ ಜಾಸ್ತಿ ತಲೆ ತಿರುಗುತ್ತದೆ, ಬಂಟ್ಸ್ ಹಾಸ್ಟೆಲ್ ಎದುರು ಶೆಟ್ರೇ ಅಂತ ಕರೆದ ಹಾಗೆ.

ಪಡುಬಿದ್ರಿ ಅಕ್ಕನಿಗೆ ಆ ಊರಿನ ಬಗ್ಗೆಯೂ ಹೇಳುತ್ತೇನೆ. ಮಚ್ ವೆನ್ಲಾಕ್‌ನ 'ಮಚ್' ಅಂದರೆ ದೊಡ್ಡದು. ಹತ್ತಿರದಲ್ಲೇ ಲಿಟಲ್ ವೆನ್ಲಾಕ್ ಅಂತ ಇನ್ನೊಂದಿದೆ. ನೀವು ಪಡುಬಿದ್ರಿಯವರಾದ್ದರಿಂದ ಇದು ಬೇಗ ಅರ್ಥವಾಗುತ್ತದೆ. ನಿಮ್ಮದು ಪಡು, ಆಚೆ ಮೂಡುಬಿದಿರೆ. ಅವರು ದಿಕ್ಕಿನ ಬದಲು ಅಳತೆ ಹಿಡಿದಿದ್ದಾರೆ ಅಷ್ಟೆ.

ಸಣ್ಣ ಪೇಟೆ. ಥಾಮಸ್ ಲಾಲಿ ಕೊಂಡುಕೊಂಡ ಮಠ ಈಗ ಬರೀ ಗೋಡೆ, ಕಮಾನು. ಟಿಕೆಟ್ ತೆಗೆದು ನೋಡಬಹುದು. ಮೊದಲಿಗೆ ಅದು ಏಳನೇ ಶತಮಾನದಲ್ಲಿ ಕಟ್ಟಿಸಿದ ಮಠ, ಮಿಲ್‌ಬರ್ಗಾ ಎಂಬ ರಾಜಕುಮಾರಿ ಅದರ ಮುಖ್ಯಸ್ಥೆ ಆಗಿದ್ದಳು. ಅವಳನ್ನು ಆಮೇಲೆ ಸಂತಳು ಅಂತ ಪೂಜಿಸಿದರು. ನಿಮ್ಮ ಗಂಡನಿಗೂ ಒಂದು ಸಮಾಧಾನ ಇದೆ, ವೆನ್ಲಾಕಿನಲ್ಲಿ ದೊಡ್ಡ ಡಾಕ್ಟರು ಒಬ್ಬ ಇದ್ದದ್ದು ನಿಜ! ವಿಲಿಯಂ ಪೆನ್ನಿ ಬ್ರೂಕ್ಸ್ ಅಂತ. 1850ರಲ್ಲಿ ಊರಿನ ಜನರಿಗೆ ವ್ಯಾಯಾಮ ಆಗಲಿ ಅಂತ ಅವನು ವೆನ್ಲಾಕ್ ಒಲಿಂಪಿಯನ್ ಆಟಗಳನ್ನು ಶುರುಮಾಡಿದ. ಫ್ರಾನ್ಸಿನ ಪಿಯರ್ ದ ಕುಬರ್ತಿನ್ 1890ರಲ್ಲಿ ಬಂದು ಇದನ್ನು ನೋಡಿದ. ಆರು ವರ್ಷದ ನಂತರ ಅಥೆನ್ಸಿನಲ್ಲಿ ಈಗಿನ ಒಲಿಂಪಿಕ್ಸ್ ಶುರುವಾಯಿತು. 2012ರ ಲಂಡನ್ ಒಲಿಂಪಿಕ್ಸಿನ ಒಂಟಿಕಣ್ಣಿನ ಗೊಂಬೆಗೆ ವೆನ್ಲಾಕ್ ಅಂತ ಹೆಸರಿಟ್ಟದ್ದು ಇದೇ ಕಾರಣಕ್ಕೆ. ಗೊಂಬೆ ಮಾತ್ರ ಚಂದ ಇರಲಿಲ್ಲ. ತಂಗಿ ಇನ್ನೊಮ್ಮೆ ಆ ಕಡೆ ಹೋದರೆ ಬೋರ್ಡ್ ನೋಡಿ ಮುಂದೆ ಹೋಗಬೇಡಿ, ಮಕ್ಕಳನ್ನು ಇಳಿಸಿ ತೋರಿಸಿ ಅಂತ ಹೇಳಿ.

ಪಡುಬಿದ್ರಿ ಅಕ್ಕ

ಅಬ್ಬಾ! ಒಂದು ಸಣ್ಣ ಪ್ರಶ್ನೆಗೆ ಇಷ್ಟು ವಿಷಯ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಸೋದರಮಾವನ ಕಥೆಯನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನನ್ನ ಅಣ್ಣ "ನನ್ನ ಹತ್ತಿರ ಬಂಗಲೆ ಇಲ್ಲ, ಹೆಸರು ಬೇಕಾದರೆ ತಗೊಳ್ಳಿ" ಅಂದ.

ಇನ್ನೆರಡು ಕೇಳುತ್ತೇನೆ. ಹಾಗಾದರೆ ಲೇಡಿಗೋಷನ್ ಯಾರು? ಅದೂ ಊರಾ? ಎರಡನೆಯದು ಮನೆಯದ್ದೇ ಸಮಸ್ಯೆ. ಮಗಳಿಗೆ ಪಾಸ್‌ಪೋರ್ಟ್ ಮಾಡಿಸಬೇಕು. ಅವಳ ಶಾಲೆಯ ಕಾಗದದಲ್ಲಿ ಬರೀ ಅವಳ ಹೆಸರು, ಮುಂದೆ ಒಂದು ಇನಿಶಿಯಲ್. ಸರ್‌ನೇಮ್ ಕಾಲಂನಲ್ಲಿ ನನ್ನ ಬರಿ ಹಾಕಬೇಕು ಅಂತ ನನ್ನ ಆಸೆ. ಗಂಡನ ಕಡೆಯವರು ಅವರದ್ದು ಅನ್ನುತ್ತಾರೆ. ಮಾವ "ಖಾಲಿ ಬಿಡಿ, ಜಗಳವೇ ಬೇಡ" ಅನ್ನುತ್ತಾರೆ. ದಸ್ತಾವೇಜಿನ ಅಣ್ಣ ಏನು ಹೇಳುತ್ತೀರಿ?

ಬಿನ್ ಕೋಂ ಯಾನೆ

ಗೋಷನ್ ಊರಲ್ಲ ಅಕ್ಕ, ನಿಜವಾದ ಸರ್‌ನೇಮ್. ಆದರೆ ಇಂಗ್ಲಿಷ್ ಅಲ್ಲ, ಜರ್ಮನ್. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಗೇಯೋರ್ಗ್ ಯೋಆಖಿಂ ಗೋಷನ್ ಅನ್ನುವ ದೊಡ್ಡ ಪ್ರಕಾಶಕ ಇದ್ದ. ಗಯಟೆ, ಶಿಲ್ಲರ್ ಅಂಥ ದೊಡ್ಡ ಸಾಹಿತಿಗಳ ಪುಸ್ತಕ ಅಚ್ಚು ಹಾಕಿದವನು. ಅವನ ಮಗ ಲಂಡನ್ನಿಗೆ ಬಂದು ಬ್ಯಾಂಕ್ ವ್ಯವಹಾರ ಶುರುಮಾಡಿದ. ಮೊಮ್ಮಗ ಬ್ರಿಟನ್ನಿನ ಹಣಕಾಸು ಮಂತ್ರಿಯೇ ಆಗಿಬಿಟ್ಟ. ಆ ಕಥೆ ಚೆನ್ನಾಗಿದೆ. 1886ರ ಕೊನೆಗೆ ರ‍್ಯಾಂಡಾಲ್ಫ್ ಚರ್ಚಿಲ್, ಅಂದರೆ ವಿನ್‌ಸ್ಟನ್ ಚರ್ಚಿಲ್‌ನ ಅಪ್ಪ, ತನ್ನನ್ನು ಬಿಟ್ಟರೆ ಹಣಕಾಸಿಗೆ ಗತಿಯಿಲ್ಲ ಅಂದುಕೊಂಡು ರಾಜೀನಾಮೆ ಬಿಸಾಡಿದ. ಪ್ರಧಾನಿ ಆರಾಮವಾಗಿ ಗೋಷನ್‌ನನ್ನು ಕರೆದು ಕೂರಿಸಿದ. ಚರ್ಚಿಲ್ "ಗೋಷನ್‌ನನ್ನು ಮರೆತೇಬಿಟ್ಟಿದ್ದೆ" ಅಂದನಂತೆ. ಈ ಮಂತ್ರಿಯ ಮಗ 1924ರಿಂದ 1929ರವರೆಗೆ ಮದರಾಸಿನ ಗವರ್ನರ್, ಅವನ ಹೆಂಡತಿ ಲೇಡಿ ಗೋಷನ್. ನೀವು ಅಕ್ಕತಂಗಿ ಹುಟ್ಟಿದ ಆಸ್ಪತ್ರೆಗೆ ಲೈಪ್‌ಜಿಗ್‌ನ ಪುಸ್ತಕದವನ ಸರ್‌ನೇಮ್ ಬಂದದ್ದು ಹೀಗೆ. ಗಮನಿಸಿ, ಅದು ಅವಳಿಗೂ ಗಂಡನ ಮನೆಯಿಂದಲೇ ಬಂದದ್ದು.

ಈಗ ಪಾಸ್‌ಪೋರ್ಟ್.

ಮಾವನವರ ಮಾತು ಬೇಡ. ಖಾಲಿ ಬಿಡಬೇಡಿ. ಪಾಸ್‌ಪೋರ್ಟ್ ಫಾರಂನಲ್ಲಿ ಸರ್‌ನೇಮ್ ಕಡ್ಡಾಯ ಅಲ್ಲ, ಅದು ಸರಿ. ಆದರೆ 2022ರ ನವೆಂಬರಿನಲ್ಲಿ ಯುಎಇಯವರು ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದರೆ ವಿಸಿಟ್ ಮತ್ತು ಟೂರಿಸ್ಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂದರು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಅಂತ ಸಡಿಲ ಮಾಡಿದರು. ಆದರೂ ಆ ತಲೆಬಿಸಿ ಯಾಕೆ? ನಮ್ಮ ಕರಾವಳಿಯಲ್ಲಿ ದುಬೈಗೆ ಹೋಗದ ಮನೆ ಯಾವುದು? ಆ ಸುದ್ದಿ ಬಂದ ಮೇಲೆ ನನ್ನ ಹತ್ತಿರ ಅಫಿಡವಿಟ್ ಬರೆಸಲು ಬಂದವರಲ್ಲಿ ತುಂಬಾ ಜನ ಸರ್‌ನೇಮ್ ಜಾಗಕ್ಕೆ ಊರಿನ ಹೆಸರನ್ನೇ ಹಾಕಿಸಿಕೊಂಡರು. ಇನ್ನೆರಡು ತಲೆಮಾರು ಹೋದರೆ ಅವರ ಮೊಮ್ಮಕ್ಕಳು ಶಾರ್ಜಾದಲ್ಲೋ ಟೊರಾಂಟೊದಲ್ಲೋ ಕೂತು 'ಕಟಪಾಡಿ ಅಂದರೆ ಯಾರು' ಅಂತ ಹುಡುಕುತ್ತಾರೆ.

ಬರಿಯೋ, ಗಂಡನ ಮನೆಯದ್ದೋ, ಅದಕ್ಕೆ ನಾನು ತೀರ್ಪು ಕೊಡುವವನಲ್ಲ. ತಾಯಿಯ ಬರಿಯನ್ನು ಮಗುವಿನ ಸರ್‌ನೇಮ್ ಮಾಡಬಾರದು ಅಂತ ಯಾವ ಕಾನೂನೂ ಇಲ್ಲ. ನಮ್ಮ ಕಡೆ ಅದೇ ಹಳೆಯ ಕ್ರಮ. ಶಾಲೆಯ ರಿಜಿಸ್ಟರಿನಲ್ಲಿ ಅಪ್ಪನದ್ದು ಬರೆಯಲು ಶುರುಮಾಡಿದ ಮೇಲೆ ಬದಲಾಯಿತು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ಬಂಗೇರ ಹಾಕಿ. ನಿಮ್ಮ ಗಂಡನ ಕಡೆಯವರು ಈ ಥ್ರೆಡ್ ಓದುತ್ತಿದ್ದರೆ ಕ್ಷಮಿಸಲಿ.

ಏನು ಹಾಕಿದರೂ ಮೊದಲು ಮನೆಯಲ್ಲಿ ಕೂತು ಸ್ಪೆಲ್ಲಿಂಗ್ ತೀರ್ಮಾನ ಮಾಡಿ. ಬಂಗೇರದ ಕೊನೆಗೆ ಒಂದು 'ಎ'ಯೋ ಎರಡೋ, ಆಮೇಲೆ ಅದೇ ದೊಡ್ಡ ಕಥೆ ಆಗುತ್ತದೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಒಂದೇ ಇರಬೇಕು. ಹತ್ತನೇ ಕ್ಲಾಸಿನ ಅಂಕಪಟ್ಟಿ ಬರುವ ಮೊದಲೇ ಸರಿಮಾಡಿಸಿದರೆ ಸುಲಭ. ಆಮೇಲಾದರೆ ಅಫಿಡವಿಟ್, ಪೇಪರಿನಲ್ಲಿ ಜಾಹೀರಾತು, ಗೆಜೆಟ್ ಅಂತ ಓಡಾಟ. ಮಗಳು ಎಷ್ಟನೇ ಕ್ಲಾಸು ಅಂತ ನನಗೆ ಮೆಸೇಜ್ ಮಾಡಿ. ಕಾಗದಗಳ ಫೋಟೊ ಇಲ್ಲಿ ಹಾಕಬೇಡಿ.